ಚಳಿಗೆ ಹಿಡಿತ ತಪ್ಪುವ ಟೈರು

ಪ್ರೀತಿಯ ಭಾವ,

ನಾನು ನೆಲಕ್ಕೆ ಅಂಟಿದಂಥ ಆ ಸ್ಪೋರ್ಟ್ಸ್ ಕಾರು ಕೊಂಡ ವಾರ ನೆನಪಿದೆಯೇ? ವುಡ್‌ಲ್ಯಾಂಡ್ ಹಿಲ್ಸ್‌ನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದು ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿದ್ದ ನಿಮ್ಮ ಮನೆಯ ಮುಂದೆ ನಿಲ್ಲಿಸಿದ್ದೆ, ನೀವು ಮೆಚ್ಚಲಿ ಎಂದು. ನೀವು ಗ್ಯಾರೇಜಿನಿಂದ ಹೊರಬಂದು, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂತ ಮಾರಾಯ ಪ್ರಸನ್ನ, ಇದರಲ್ಲಿ ಹತ್ತಿ ಕೂತ್ಕೊಳ್ಳುವುದಾ, ಇಳಿದು ಕೂತ್ಕೊಳ್ಳುವುದಾ?" ಎಂದಿರಿ. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಳು. ಅಕ್ಕನ ಗಂಡ ಕಾಲೆಳೆಯುವುದು, ಹೆಂಡತಿಯ ತಮ್ಮ ತಿರುಗಿಸಿ ಕೊಡುವುದು ನಮ್ಮ ಕಡೆ ಮಾಮೂಲು ತಾನೆ. ಉಡುಪಿಯಲ್ಲಿ ನಿಮ್ಮ ಮದುವೆಯ ಊಟದ ಪಂಕ್ತಿಯಲ್ಲಿ ಶುರುವಾದ ಆ ಪಂದ್ಯ ಕ್ಯಾಲಿಫೋರ್ನಿಯಾದ ಡ್ರೈವ್‌ವೇವರೆಗೂ ನಡೆದುಕೊಂಡೇ ಬಂದಿತ್ತು. ಆ ಕಾರಿನ ವಿಷಯದಲ್ಲಿ ಮಾತ್ರ ನಾನು ಒಂದು ಸಲವೂ ಗೆಲ್ಲಲಿಲ್ಲ.

ಅದಕ್ಕೆ ಹೊಸ ಟೈರು ಹಾಕಿಸಿದ ಮಧ್ಯಾಹ್ನದ ಮಾತನ್ನು ನಿಮಗೆ ಹೇಳಿರಲೇ ಇಲ್ಲ. ೨೦೧೧ರ ಡಿಸೆಂಬರ್. ರೇಸಿನ ಕಾರುಗಳಿಗೆ ಹಾಕುವಂಥ ಅಗಲದ ಟೈರು ಆರಿಸಿಕೊಂಡು ಬೀಗುತ್ತಾ ನಿಂತಿದ್ದೆ. ಅಂಗಡಿಯ ಮುದುಕ ಕೈ ಒರೆಸಿಕೊಳ್ಳುತ್ತಾ ಕೇಳಿದ, "ಬೆಟ್ಟಕ್ಕೆ ಹೋಗ್ತೀಯಾ?" ಇಲ್ಲ ಎಂದೆ. "ಹೋಗ್ಬೇಡ. ಇವು ಬಿಸಿಲಿಗೆ ಮಾಡಿದ ಟೈರು. ಥರ್ಮಾಮೀಟರ್ ನಲವತ್ತೈದಕ್ಕಿಂತ ಕೆಳಗಿಳಿದರೆ ಈ ರಬ್ಬರ್ ಪ್ಲಾಸ್ಟಿಕ್ ಥರ ಗಟ್ಟಿಯಾಗುತ್ತೆ, ರಸ್ತೆ ಹಿಡಿಯೋದಿಲ್ಲ. ಹಿಮವೇ ಬೀಳಬೇಕು ಅಂತಿಲ್ಲ, ಒಣ ರಸ್ತೆಯಲ್ಲೂ ಜಾರುತ್ತೆ" ಎಂದ. ಅವನ ನಲವತ್ತೈದು ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಏಳು ಡಿಗ್ರಿ. ನಾನು ನಕ್ಕೆ. ಕ್ರಿಸ್‌ಮಸ್ ಹತ್ತಿರ ಬಂದರೂ ಅರ್ಧ ತೋಳಿನ ಅಂಗಿ ಹಾಕಿಕೊಂಡು ಓಡಾಡುವ ಊರಿನಲ್ಲಿ ಚಳಿಯ ಮಾತನ್ನು ಯಾರು ತಲೆಗೆ ಹಾಕಿಕೊಳ್ಳುತ್ತಾರೆ?

ಜನವರಿಯ ಆ ಶುಕ್ರವಾರ ನಾನು ನಿಮ್ಮ ಮನೆಗೆ ಬಂದಾಗ ನಿಧಿ ಜ್ಯಾಕೆಟ್ ಹಾಕಿಕೊಂಡೇ ಸೋಫಾದ ಮೇಲೆ ಕುಣಿಯುತ್ತಿದ್ದಳು. ಹತ್ತಿರದ ಮೌಂಟ್ ಲಗೂನಾ ಬೆಟ್ಟದಲ್ಲಿ ಹಿಮ ಬಿದ್ದಿತ್ತು. ಸ್ಯಾನ್ ಡಿಯಾಗೋದ ಹಿಮ ಎಂದರೆ ಎರಡು ಮೂರು ದಿನದ ಭಾಗ್ಯ, ಆಮೇಲೆ ಕರಗಿ ಹೋಗುತ್ತದೆ. ಅಷ್ಟರೊಳಗೆ ಇಡೀ ಊರು ಮಕ್ಕಳನ್ನು ಕಾರಿಗೆ ತುಂಬಿಕೊಂಡು ಬೆಟ್ಟ ಹತ್ತುತ್ತದೆ. ಎಂಟು ವರ್ಷದ ನಿಮ್ಮ ಮಗಳು ಅದುವರೆಗೆ ಹಿಮ ಮುಟ್ಟಿರಲಿಲ್ಲ, ನಿಮ್ಮ ವ್ಯಾನು ಆ ವಾರವೇ ಕೆಟ್ಟು ಗ್ಯಾರೇಜ್ ಸೇರಿತ್ತು. "ನನ್ನ ಕಾರ್ ತಗೊಂಡು ಹೋಗಿ ಭಾವ" ಎಂದೆ. ನೀವು ಕೇಳಿರಲಿಲ್ಲ. ನಾನಾಗಿಯೇ ಕೊಟ್ಟೆ.

ಮರುದಿನ ಬೆಳಗ್ಗೆ ಆರೂವರೆಗೆ ನೀವು ಡ್ರೈವ್‌ವೇಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಟೈರಿನ ಗೀರಿನೊಳಗೆ ಹೆಬ್ಬೆರಳಿನ ಉಗುರು ಇಳಿಸಿ ನೋಡಿದಿರಿ. ಊರಿನಲ್ಲಿ ನಾವು ಕಲಿತ ಪರೀಕ್ಷೆ ಅದೊಂದೇ. ಉಗುರು ಆಳಕ್ಕೆ ಇಳಿದರೆ ಒಳ್ಳೆಯ ಟೈರು, ಇಳಿಯದಿದ್ದರೆ ಬೋಳು. ಮೂರನೆಯ ಬಗೆಯದೊಂದು ಇರಬಹುದೆಂದು ಕರಾವಳಿಯಲ್ಲಿ ಹುಟ್ಟಿದ ಯಾರಿಗೆ ತಾನೆ ಹೊಳೆಯುತ್ತದೆ? "ಒಳ್ಳೆ ಟೈರ್ ಉಂಟು ಮಾರಾಯ. ಹಿಮಕ್ಕೆ ಟೈರಿಗೆ ಸುತ್ತುವ ಚೈನ್ ಎಂತಾದ್ರೂ ಬೇಕಾ?" ಎಂದು ಕೇಳಿದಿರಿ.

ಆ ಕ್ಷಣ ನನಗೆ ಅಂಗಡಿಯ ಮುದುಕನ ಮಾತು ನೆನಪಾಯಿತು ಭಾವ. ಮರೆತಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಸ್ಪಷ್ಟವಾಗಿ ನೆನಪಾಯಿತು. ಹೇಳಿದರೆ ನೀವು ಏನೆನ್ನುತ್ತೀರಿ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಿವಿಗೆ ಬಿತ್ತು. "ಓಹೋ, ನಿನ್ನ ಕಾರಿಗೆ ಶೀತ ಬೇರೆ ಆಗ್ತದಾ?" ಇನ್ನು ವರ್ಷವಿಡೀ, ಎಲ್ಲರ ಮನೆಯ ಊಟದಲ್ಲಿ, ಅದೇ ಮಾತು. ಆ ಒಂದು ನಗೆ ತಪ್ಪಿಸಿಕೊಳ್ಳುವುದಕ್ಕೆ ನಾನು, "ಚೈನ್ ಎಲ್ಲ ಬೇಡ ಭಾವ, ಹೊಸ ಟೈರು, ರಸ್ತೆಗೆ ಅಂಟಿಕೊಂಡ ಹಾಗೆ ಹೋಗ್ತದೆ" ಎಂದೆ. ನಿಧಿ ಹಿಂದಿನ ಸೀಟಿನಿಂದ ಕೈ ಬೀಸಿದಳು. ನೀವು ಬೀದಿ ತಿರುಗುವಲ್ಲಿ ಇಂಡಿಕೇಟರ್ ಹಾಕಿದಿರಿ, ಹಿಂದೆ ಮುಂದೆ ಒಂದು ಕಾರೂ ಇಲ್ಲದಿದ್ದರೂ. ನಾನು ಒಳಗೆ ಹೋಗಿ ಮತ್ತೆ ಮಲಗಿಬಿಟ್ಟೆ.

ಒಂಬತ್ತು ಗಂಟೆಗೆ ಅಕ್ಕನಿಗೆ ಪೊಲೀಸರ ಫೋನು ಬಂದಾಗ ದೋಸೆ ಕಾವಲಿಯ ಮೇಲಿತ್ತು. ಬೆಟ್ಟದ ನೆರಳಿನ ತಿರುವು. ರಸ್ತೆಯ ಮೇಲೆ ಹಿಮ ಇರಲಿಲ್ಲ, ನೀರೂ ಇರಲಿಲ್ಲ, ಬರೀ ಚಳಿ. ಕಾರು ತಿರುಗಲಿಲ್ಲ, ನೇರ ಹೋಗಿ ಪೈನ್ ಮರಕ್ಕೆ, ನಿಮ್ಮ ಬದಿಗೇ… ಮುಂದಕ್ಕೆ ಬರೆಯಲಾರೆ. ನಿಧಿಯ ಎಡಗೈ ಮುರಿದಿತ್ತು, ಅಷ್ಟೇ. ಆಸ್ಪತ್ರೆಯಲ್ಲಿ ಅವಳು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಡ್ಯಾಡಿ ಸ್ಲೋ ಆಗೇ ಹೋಗ್ತಿದ್ದರು, ಡ್ಯಾಡಿ ಸ್ಲೋ ಆಗೇ ಹೋಗ್ತಿದ್ದರು. ಮಗುವಿಗೆ ಏನು ಗೊತ್ತು ಎಂದು ನಾವೆಲ್ಲ ಅವಳ ತಲೆ ಸವರಿದೆವು. ನಾನೂ ಸವರಿದೆ.

ಪೊಲೀಸರ ರಿಪೋರ್ಟ್ ಬಂದ ದಿನ ಅದನ್ನು ಅಕ್ಕನಿಗೆ ಓದಿ ಹೇಳಿದವನು ನಾನೇ. ರಸ್ತೆಯ ಸ್ಥಿತಿಗೆ ತಕ್ಕದ್ದಲ್ಲದ ವೇಗ ಎಂದು ಬರೆದಿದ್ದರು. ಅಕ್ಕ ಎರಡು ಸಲ ಓದಿಸಿದಳು. ಆಮೇಲೆ, "ನಿನ್ನ ಕಾರ್ ಸಿಕ್ಕಿದ್ದೇ ಸಿಕ್ಕಿದ್ದು, ಹುಡುಗನ ಹಾಗೆ ಓಡಿಸಿದ್ರು. ಹಿಂದೆ ಮಗಳು ಕೂತಿದ್ದಾಳೆ ಅಂತ ಕೂಡ ನೋಡ್ಲಿಲ್ಲ" ಎಂದಳು. ಖಾಲಿ ಬೀದಿಯಲ್ಲಿ ಇಂಡಿಕೇಟರ್ ಹಾಕುವ ನಿಮ್ಮನ್ನು! ನಿಜ ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಒಂದು ದಿನ ನುಂಗಿದ್ದು ಒಂದು ವಾರವಾಯಿತು, ವಾರ ವರ್ಷವಾಯಿತು. ನಿಮ್ಮ ತಿಥಿಯ ದಿನ ಬಾಳೆಲೆಯ ಮುಂದೆ ಕೂತು, ನನ್ನನ್ನು ಎಷ್ಟು ಒಳ್ಳೆಯ ತಮ್ಮ ಎಂದು ಬಂದವರು ಹೊಗಳಿದ್ದನ್ನೂ ಕೇಳಿಸಿಕೊಂಡೆ. ನನ್ನಂಥ ಹೇಡಿಯನ್ನು ನೀವು ಕಂಡಿದ್ದೀರಾ?

ಈ ವರ್ಷ ಏಪ್ರಿಲ್‌ನಲ್ಲಿ ನಿಧಿ ಫೋನ್ ಮಾಡದಿದ್ದರೆ ಇನ್ನೂ ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಅವಳಿಗೀಗ ಹದಿನೈದೂವರೆ. ಡ್ರೈವಿಂಗ್ ಪರ್ಮಿಟ್‌ಗೆ ಅಪ್ಲೈ ಮಾಡಬೇಕು, ಅಮ್ಮ ಸೈನ್ ಹಾಕುತ್ತಿಲ್ಲ ಎಂದಳು. ಏಕೆಂದು ಕೇಳಿದ್ದಕ್ಕೆ, "ಮಾಮ, ಶೀ ಸೇಸ್ ಐ ಹ್ಯಾವ್ ಡ್ಯಾಡ್ಸ್ ಫುಟ್" ಎಂದಳು. ಆಕ್ಸಿಲರೇಟರ್ ಒತ್ತುವ ಅಪ್ಪನ ಕಾಲು ಅವಳಿಗೂ ಬಂದಿದೆಯಂತೆ. ನಿಮ್ಮ ತಲೆಗೆ ಕಟ್ಟಿದ್ದನ್ನು ನಾನು ಈಗ ನಿಮ್ಮ ಮಗಳ ತಲೆಗೂ ಕಟ್ಟುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಅಕ್ಕ ಊಟದ ಮೇಜು ಒರೆಸುತ್ತಿದ್ದಳು, ನಿಧಿ ಎದುರು ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಟೈರು, ಮುದುಕ, ನಲವತ್ತೈದು ಡಿಗ್ರಿ, ನೀವು ಚೈನ್ ಬೇಕೇ ಎಂದು ಕೇಳಿದ್ದು, ನಾನು ಬೇಡ ಎಂದದ್ದು. ನಿಧಾನವಾಗಿ ಹೋದರೂ ಆ ತಿರುವಿನಲ್ಲಿ ಆ ಟೈರು ಹಿಡಿಯುತ್ತಿರಲಿಲ್ಲ ಎಂದೆ.

"ನಿಂಗೆ ಗೊತ್ತಿತ್ತಾ?" ಎಂದಳು ಅಕ್ಕ.

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಭಾವ ನಗಾಡ್ತಾರೆ ಅಂತ."

ಅವಳು ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದಳು. ಹೊಡೆಯಬಹುದೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನಿಧಿಯ ಕಡೆ ತಿರುಗಿ, "ನೀನು ಹೇಳಿದ್ದೇ ಸತ್ಯ ಮಗಾ. ಅಪ್ಪ ನಿಧಾನವೇ ಹೋಗ್ತಿದ್ರು" ಎಂದಳು.

"ಐ ಟೋಲ್ಡ್ ಯೂ" ಎಂದಳು ನಿಧಿ. "ಐ ಟೋಲ್ಡ್ ಆಲ್ ಆಫ್ ಯೂ."

ಆಮೇಲೆ ಅಕ್ಕ ನನ್ನ ಮುಖ ನೋಡದೆ, "ನೀನಿನ್ನು ಹೊರಡು. ಇನ್ನು ಈ ಕಡೆ ಬರ್ಬೇಡ" ಎಂದಳು. ಏನನ್ನು ಕೇಳಲಿ, ಯಾವ ಬಾಯಲ್ಲಿ ಕ್ಷಮಿಸು ಎನ್ನಲಿ? ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಈಗ ಆರು ತಿಂಗಳಾಯಿತು. ನನ್ನ ಫೋನು ತೆಗೆಯುವುದಿಲ್ಲ. ನಿಧಿಯ ಪರ್ಮಿಟ್‌ಗೆ ಸೈನ್ ಹಾಕಿದಳಂತೆ, ಅದು ಬೇರೆಯವರಿಂದ ಗೊತ್ತಾಯಿತು.

ಒಂದು ವಿಷಯ ಮಾತ್ರ ನಿಮಗೆ ತಿಳಿಸಲೇಬೇಕು, ಅದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಅಂದು ನಾನು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಒಳಗೆ ಅಕ್ಕ ನಿಮ್ಮ ಹೆಸರು ಹಿಡಿದು ಕೂಗಿ ಅತ್ತಳು. ಗಂಡನ ಹೆಸರು ಹೇಳದ ನನ್ನ ಅಕ್ಕ. ಏಳು ವರ್ಷ ನಿಮ್ಮ ಮೇಲಿನ ಸಿಟ್ಟು ಅವಳನ್ನು ಅಳಲು ಬಿಟ್ಟಿರಲಿಲ್ಲ ಭಾವ. ನಿಮ್ಮ ಹೆಂಡತಿ ನಿಮಗಾಗಿ ಅತ್ತದ್ದು ಅದೇ ಮೊದಲು.