ಐಸಿನ ಮಸಾಲೆಗೂ ಸೂತಕವೇ?

ಅತ್ತೆ,

ನಿಮ್ಮನ್ನು ಮಣ್ಣು ಮಾಡಿದ ದಿನವೇ ನಾನು ನಿಮ್ಮ ಓರಗಿತ್ತಿ, ಬಂಗಾರಪೇಟೆಯ ದೊಡ್ಡತ್ತೆಯ ಜೊತೆ ಜಗಳವಾಡಿದೆ. ಸಾವಿನ ಮನೆಯಲ್ಲಿ ಸೊಸೆ ಬಾಯಿ ಮಾಡಿದಳು ಅಂತ ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನ ಮನೆಗಳಲ್ಲೆಲ್ಲ ಮಾತಾಯಿತು. ಯಾತಕ್ಕೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಉರಿಗಾಂ ಬಂಗಲೆಯ ದೊರೆಸಾನಿ ಹಡಗು ಹತ್ತುವ ಮುಂಚೆ, ಇಷ್ಟು ವರ್ಷ ಅಡುಗೆ ಮಾಡಿದ್ದಕ್ಕೆ ಅಂತ ತನ್ನ ಹಳೆಯ ಸೀಮೆಎಣ್ಣೆ ಐಸ್ ಪೆಟ್ಟಿಗೆಯನ್ನು ನಿಮಗೆ ಕೊಟ್ಟ ದಿನ ನೆನಪಿದೆಯೇ? ಬಾಗಿಲಲ್ಲಿ ಹಿಡಿಸದೆ ಕದ ಕಳಚಿ ಒಳಗಿಟ್ಟೆವು. ಕೆಳಗೆ ಬತ್ತಿ ಹಚ್ಚಿದರೆ ಮೇಲೆ ಐಸ್ ಕಟ್ಟುತ್ತದೆ ಅಂದಿರಿ. ಎದುರು ಮನೆಯ ಸೆಲ್ವಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಕೆಳ್ಗೆ ಬೆಂಕಿ, ಮ್ಯಾಲೆ ಐಸಾ? ಯಾರ್ ಕಿವಿಗೆ ಊವ ಮುಡಿಸ್ತೀಯಕ್ಕಾ?"

"ಬಾರೇ, ಒಂದು ತುಂಡು ನಿನ್ ಬಾಯ್ಗೆ ಮಡಗ್ತೀನಿ. ಒಸಿ ತಣ್ಣಗಾಗ್ತೀಯ," ಅಂದಿರಿ ನೀವು.

ಬಂಗಾರಪೇಟೆ ಸಂತೆಯಿಂದ ಕೊತ್ತಂಬರಿ, ಪುದೀನ ಬಂದ ದಿನ ನೀವು ಒರಳಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಎಣ್ಣೆಯಲ್ಲಿ ಬಾಡಿಸಿ, ಸೊಪ್ಪು, ಧನಿಯ, ಚಕ್ಕೆ, ಕಾಯಿತುರಿ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆಯುತ್ತಿದ್ದಿರಿ. ಐಸ್ ತಟ್ಟೆಯ ಗುಂಡಿಗಳಿಗೆ ಒತ್ತಿ ತುಂಬುತ್ತಿದ್ದಿರಿ. "ಒಂದ್ ಗುಂಡಿ, ಒಂದೊತ್ತಿನ ಸಾರು." ನಿಮ್ಮ ಮಗ ಗಣಿಯಿಂದ ಬಂದು ಮೈ ತೊಳೆದುಕೊಳ್ಳುವಷ್ಟರಲ್ಲಿ, ಬೆಂದ ಬೇಳೆಗೆ ಒಂದು ತುಂಡು ಬಿದ್ದು ಸಾರು ಕುದಿಯುತ್ತಿತ್ತು. ನಕ್ಕ ಸೆಲ್ವಿಯೇ ಆಮೇಲೆ ಬಟ್ಟಲು ಹಿಡಿದುಕೊಂಡು ಬರಲಿಲ್ಲವೇ?

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಕೆಮ್ಮುತ್ತಲೇ ಎರಡು ತಟ್ಟೆ ತುಂಬಿಸಿದಿರಿ. ಒಂದರಲ್ಲಿ ಬರೀ ಮಸಾಲೆ, ಇನ್ನೊಂದರಲ್ಲಿ ಹಿತಕಿದ ಅವರೆಬೇಳೆ ಸೇರಿಸಿದ್ದು. ನಾನಾಗ ಏಳು ತಿಂಗಳ ಬಸುರಿ. "ಬಸ್ರೀನ ಒರಳ್ ಮುಂದೆ ಕೂರ್ಸಿ ಓದ್ರೆ, ಆಸ್ಪತ್ರೆ ಮಂಚದಾಗೆ ನಂಗೆ ನಿದ್ದೆ ಅತ್ತಲ್ಲ ಕಣೇ," ಅಂದಿರಿ. ಬೇಡ ಅಂತ ಎಷ್ಟು ಹೇಳಿದರೂ... ನೀವು ಯಾರ ಮಾತು ಕೇಳಿದವರು?

ಆಸ್ಪತ್ರೆಗೆ ಹೋದವರು ನೀವು ಉಳಿಯಲಿಲ್ಲ. ಮಣ್ಣು ಮಾಡಲು ಹೋದ ಗಂಡಸರು ಇನ್ನೂ ಮಸಣದಿಂದ ಹಿಂದಿರುಗಿರಲಿಲ್ಲ. ಬಂಗಾರಪೇಟೆಯ ದೊಡ್ಡತ್ತೆ ಅಡುಗೆಮನೆಗೆ ನುಗ್ಗಿದರು. ಸಾವಿನ ಮನೆಯಲ್ಲಿ ಬೇಯಿಸಿದ್ದು, ಅರೆದದ್ದು, ತುಂಬಿಟ್ಟ ನೀರು ಉಳಿಯಬಾರದು ಅಂತ ನನಗೂ ಗೊತ್ತು. ಕೊಡದ ನೀರು ನಾನೇ ಚೆಲ್ಲಿದ್ದೆ. ಅವರು ಪೆಟ್ಟಿಗೆ ತೆರೆದು, ಮೊದಲ ತಟ್ಟೆಯನ್ನು ಎಳೆದು ತಿಪ್ಪೆಗೆ ಕೊಡವಿದರು. ಕಲ್ಲಿನಂತೆ ಬಿದ್ದದ್ದು ಬಿಸಿಲಿಗೆ ಕರಗತೊಡಗಿತು. ನೀವಿಲ್ಲದ ದಿನ, ಅತ್ತೆ, ಲೈನಿನ ತುಂಬ ನಿಮ್ಮ ಸಾರಿನ ವಾಸನೆ...

"ಅದು ಐಸಾಗಿದೆ ದೊಡ್ಡತ್ತೆ, ಕೆಟ್ಟಿಲ್ಲ," ಅಂದೆ.

"ಐಸಾದ್ರೇನು? ಅರೆದಿದ್ದು ಅರೆದಿದ್ದೇ. ಸೂತಕ ಚಳಿಗೆ ಎದರ್ತದಾ?"

"ಮತ್ತೆ ಆ ಜಾಡಿ?"

ಅವರ ಕಂಕುಳಲ್ಲಿ, ಊರಿಗೆ ಒಯ್ಯಲೆಂದು ಎತ್ತಿಕೊಂಡ ನಿಮ್ಮ ಮಾವಿನ ಉಪ್ಪಿನಕಾಯಿ ಜಾಡಿ ಇತ್ತು.

"ಉಪ್ಪಿನಕಾಯಿಗೆ ಸೂತಕ ಇಲ್ಲ ಕಣಮ್ಮಿ. ಉಪ್ಪು ಬಿದ್ದದೆ."

"ಇದಕ್ಕೂ ಉಪ್ಪು ಬಿದ್ದದೆ."

ಎರಡನೆಯ ತಟ್ಟೆಯನ್ನು ನಾನು ಎದೆಗವುಚಿಕೊಂಡಿದ್ದೆ. "ಮೊದ್ಲು ನೀವು ಜಾಡಿ ಚೆಲ್ಲಿ. ಆಮೇಲೆ ನಾನು ಇದನ್ನ ಚೆಲ್ತೀನಿ," ಅಂದೆ. ನನ್ನ ದನಿ ಬೀದಿಗೆ ಕೇಳಿತಂತೆ. ಕೇಳಲಿ. ನನಗಾಗಿ ನೀವು ಕೆಮ್ಮಿಕೊಂಡು ಅರೆದದ್ದು ತಿಪ್ಪೆಗೆ, ಅವರ ನಾಲಿಗೆಗೆ ಬೇಕಾದದ್ದು ಗಂಟಿಗೆ. ಇದು ಯಾವ ಶಾಸ್ತ್ರ? ಅವರು ಜಾಡಿ ನೋಡಿದರು, ನನ್ನನ್ನು ನೋಡಿದರು. ಜಾಡಿ ಬಿಡಲಿಲ್ಲ. ತಟ್ಟೆ ಉಳಿಯಿತು.

ಮೊದಲ ತುಂಡು ಹಾಕಿದ ದಿನ ನಿಮ್ಮ ಮಗ ತುತ್ತು ಹಿಡಿದುಕೊಂಡೇ ಕೂತುಬಿಟ್ಟರು. "ಅವ್ವ ಮಾಡ್ದಂಗೇ ಅದೆ," ಅಂದರು. ಅವ್ವನೇ ಮಾಡಿದ್ದು ಅಂದೆ. ಇನ್ನೊಂದು ಮುದ್ದೆ ಕೇಳಿದರು. ಮಿಕ್ಕದ್ದನ್ನು ಸೊಂಟ ಎತ್ತಲಾಗದ ದಿನಗಳಿಗೆ ಅಂತ ಇಟ್ಟು, ಹೆರಿಗೆಯವರೆಗೂ ತಂದೆ.

ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ಬಾಣಂತನ ಮುಗಿದ ಮೇಲೆ ನಾನೇ ಅರೆದು ತಟ್ಟೆ ತುಂಬಿದೆ. ಮೊನ್ನೆ ಮಗು ನೋಡಲು ದೊಡ್ಡತ್ತೆ ಬಂದಿದ್ದರು. ಉಂಡು ಕೈ ತೊಳೆದು, ಪೆಟ್ಟಿಗೆಯ ಕಡೆ ನೋಡುತ್ತ, "ನಿಮ್ಮತ್ತೆ ಕೈನೇ ನಿಂದೂ. ಒಂದ್ ತಟ್ಟೆ ಕಟ್ಕೊಡು. ಮರ ಕುಯ್ದ ಒಟ್ಟಲ್ಲಿ ಮುಚ್ಕೊಂಡು ಓದ್ರೆ ಬಂಗಾರಪೇಟೆಗಂಟ ಕರಗಲ್ಲ," ಅಂದರು.

ಹೇಗಿದೆ ನೋಡಿ. ನೀವಾಗಿದ್ದರೆ ಕೊಟ್ಟು, ಮೇಲೆ ಎಲೆಅಡಿಕೆಯನ್ನೂ ಕೊಟ್ಟು ಕಳಿಸುತ್ತಿದ್ದಿರಿ. ನಾನು ಕೊಡಲಿಲ್ಲ. ಬೈಯುವುದಾದರೆ ಬೈಯಿರಿ. ಅವರು ಎಷ್ಟು ಸಲ ಬಂದರೂ ಕೂರಿಸಿ, ಹೊಟ್ಟೆ ತುಂಬ ಬಡಿಸುತ್ತೇನೆ ಅತ್ತೆ. ತಟ್ಟೆ ಮಾತ್ರ ಅವರ ಕೈಗೆ ಕೊಡಲಾರೆ.