ಸುಲೋಚನಾ, ದೀರ್ಘ ಸಮೇತ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನಿದ್ದೆಗೆಟ್ಟ ನನ್ನ ಮುದ್ದು ಗಿಣಿಗೆ,

ನಿನ್ನ ಕಾಗದ ಶುಕ್ರವಾರ ಬೆಳಿಗ್ಗೆ ಅಂಗಡಿಗೇ ಬಂತು. ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಿದ್ದವಳು ಅವರನ್ನು ಹಾಗೇ ಬಿಟ್ಟು ಓದಲು ಕೂತೆ. ಪಾಪ, ಅವರು ಗಾಜಿಲ್ಲದ ಫ್ರೇಮಿನಲ್ಲಿ ಕನ್ನಡಿ ನೋಡಿಕೊಳ್ಳುತ್ತಾ ತುಂಬಾ ಹೊತ್ತು ಕಾದರು. ನಿನಗೆ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಿನ ಮಧ್ಯೆ ಬಾಯಿ ಹಾಕುತ್ತೀಯ, ಅಷ್ಟರಲ್ಲಿ ನಿನ್ನ ಮಗಳು ರಾಗ ತೆಗೆಯುತ್ತಾಳೆ, ನಾನು ಹೇಳಬೇಕೆಂದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಕಾಗದದಲ್ಲಾದರೆ ನೀನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಕೇಳಲೇಬೇಕು.

ವಿಷಯಕ್ಕೆ ಬರುತ್ತೇನೆ. ಮಗುವಿಗೆ ನನ್ನ ಹೆಸರಿಡಬೇಕೆಂದು ನಿನಗೆ ಆಸೆ. ನಿನ್ನ ನಾದಿನಿಗೆ ಅದು ಹಿಡಿಸಿಲ್ಲ. ಸುಲೋಚನಾ ಅಂದಕೂಡಲೇ ಅವಳ ಕಣ್ಣಮುಂದೆ ಬಿಗಿಯಾಗಿ ತುರುಬು ಕಟ್ಟಿ, ಬೆತ್ತ ಹಿಡಿದು ನಿಂತ ಹೆಡ್ ಮಿಸ್ ಬರುತ್ತಾಳಂತೆ. ಅವಳು ಪಾಠ ಹೇಳುವ ಶಾಲೆಯಲ್ಲಿ ಹುಡುಕಿದರೂ ಒಬ್ಬ ಸುಲೋಚನಾ ಸಿಗುವುದಿಲ್ಲವಂತೆ. ಅಳಿಯಂದಿರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ, ತಂಗಿಗೂ ಹೆಂಡತಿಗೂ ಬೆನ್ನು ತಿರುಗಿಸಿ ಹಾಲಿನ ಬಾಟಲಿ ತೊಳೆಯುತ್ತಿದ್ದಾರೆ. ಬರುವ ಶನಿವಾರದೊಳಗೆ ಜನನ ಪತ್ರಕ್ಕೆ ಹೆಸರು ಬರೆಸಬೇಕು. ಹಾಗಾಗಿ ತೀರ್ಪನ್ನು ನನ್ನ ತಲೆಗೆ ಕಟ್ಟಿದ್ದೀಯ. ಆ ಹೆಸರು ಹೊತ್ತುಕೊಂಡು ನನಗೆ ಕಷ್ಟವಾಯಿತೇ ಎಂದು ಕೇಳಿದ್ದೀಯ. ಅದು ಹಳತೆಂದು ನಾನು ಒಂದು ಮಾತು ಅಂದರೆ ಸಾಕು, ಬಿಟ್ಟುಬಿಡುತ್ತೇನೆ ಎಂದೂ ಬರೆದಿದ್ದೀಯ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ಸ್ವಂತದ ಆಸೆ ಏನೂ ಇಲ್ಲ. ಅರವತ್ತು ದಾಟಿದವಳು, ಹೆಸರನ್ನು ಬೇಕಾದಷ್ಟು ಬಳಸಿ ಆಗಿದೆ. ಕನ್ನಡಕದ ಅಂಗಡಿಯವಳಾಗಿ ಮಾತಾಡುತ್ತೇನೆ, ಅಷ್ಟೇ. ಯಾರಿಗೆ ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ದಿನವಿಡೀ ಹೇಳುವುದೇ ನನ್ನ ಕೆಲಸ, ಅದರಲ್ಲಿ ನಾನು ಮುಖ ನೋಡಿ ಮಣೆ ಹಾಕುವವಳಲ್ಲ.

ಕಷ್ಟವಾಯಿತೇ ಅಂದರೆ, ಆಯಿತು. ಐದನೇ ತರಗತಿಯಲ್ಲಿ ಮೇಷ್ಟ್ರು ಪಾಠ ಓದುತ್ತಾ ‘ತಾತ ಸುಲೋಚನವನ್ನು ಮೂಗಿನ ಮೇಲೆ ಏರಿಸಿಕೊಂಡರು’ ಅಂದರು. ಹಿಂದಿನ ಬೆಂಚಿನಿಂದ ಕಿಸಕ್ ಅಂತ ನಗು ಬಂತು. ಮೇಷ್ಟ್ರಿಗೆ ಏಕೆಂದು ಹೊಳೆಯಲಿಲ್ಲ, ಇನ್ನಷ್ಟು ಬಿಡಿಸಿ ಇನ್ನೊಮ್ಮೆ ಓದಿದರು. ಅಲ್ಲಿಗೆ ನನ್ನ ಮಾನ ಮೂರು ಕಾಸಾಯಿತು. ಲೋಚನ ಅಂದರೆ ಕಣ್ಣು, ಒಳ್ಳೆಯ ಕಣ್ಣಿನವಳು ಅಂತ ನನಗೆ ಹೆಸರಿಟ್ಟಿದ್ದಾರೆ ಎಂಬುದಷ್ಟೇ ನನಗೆ ತಿಳಿದಿತ್ತು. ಕನ್ನಡಕವನ್ನೂ ಪುಸ್ತಕದಲ್ಲಿ ಸುಲೋಚನ ಅನ್ನುತ್ತಾರೆಂದು ಗೊತ್ತಾದದ್ದು ಆವತ್ತೇ. ಆ ವರ್ಷ ಪೂರ್ತಿ ನಾನು ತಾತನ ಮೂಗಿನ ಮೇಲಿಂದ ಇಳಿಯಲೇ ಇಲ್ಲ.

ಮನೆಗೆ ಬಂದು ಬೇರೆ ಹೆಸರು ಬೇಕೆಂದು ರಂಪ ಮಾಡಿದೆ. ನನ್ನ ಅಪ್ಪ, ಅದೇ ನಿನ್ನ ದರ್ಜಿ ತಾತ, ಹೊಲಿಗೆ ಮಿಷನ್ನಿನಿಂದ ಕಾಲು ತೆಗೆಯದೆಯೇ, ಬೇಕಾದ್ದನ್ನು ನೀನೇ ಆರಿಸಿಕೋ, ಸಂಜೆಯಿಂದ ಹಾಗೇ ಕರೆಯೋಣ ಅಂದರು. ಆಗ ಬಹಳ ಹೊಸದೆನಿಸಿದ ಹೆಸರೊಂದನ್ನು ಆರಿಸಿದೆ. ಯಾವುದೆಂದು ಹೇಳುವುದಿಲ್ಲ, ಈಗ ಅದು ಸುಲೋಚನಾಗಿಂತ ಹಳಸಿಹೋಗಿದೆ. ಸಂಜೆ ಅಪ್ಪ ಆ ಹೆಸರು ಹಿಡಿದು ಕೂಗಿದರು, ನಾನು ತಲೆ ಎತ್ತಲಿಲ್ಲ. ಅಮ್ಮ ಕೂಗಿದರು, ಅಕ್ಕ ಬಾಗಿಲಲ್ಲಿ ನಿಂತು ಕೂಗಿದಳು, ಯಾರನ್ನೋ ಕರೆಯುತ್ತಿದ್ದಾರೆ ಅಂತ ನನ್ನ ಪಾಡಿಗೆ ಆಡುತ್ತಾ ಕೂತಿದ್ದೆ. ಕೊನೆಗೆ ಅಪ್ಪ ಮೆತ್ತಗೆ ಸುಲೋಚನಾ ಅಂದರು, ಏನಪ್ಪಾ ಅಂದೆ. ಮನೆಯವರೆಲ್ಲ ನಕ್ಕರು, ನನಗೂ ನಗು ಬಂತು. ಬೇರೆ ಹೆಸರಿನ ಮಾತು ಅಲ್ಲಿಗೆ ಮುಗಿಯಿತು.

ಅಂಗಡಿಯ ಬೋರ್ಡಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಅಂಗಡಿ ತೆರೆಯುವ ಹಿಂದಿನ ದಿನ ಬೋರ್ಡ್ ಬರೆಯುವವನಿಗೆ ನನ್ನ ಹೆಸರನ್ನೇ ಬರೆಯಲು ಹೇಳಿ, ಲೆನ್ಸಿನ ಪೆಟ್ಟಿಗೆ ತರಲು ಹೋಗಿದ್ದೆ. ಬಂದು ನೋಡಿದರೆ ‘ಸುಲೋಚನ’ ಅಂತಿದೆ. ಕೊನೆಯ ದೀರ್ಘ ಎಲ್ಲಯ್ಯ ಅಂದರೆ, ಕನ್ನಡಕಕ್ಕೆ ದೀರ್ಘ ಬರುವುದಿಲ್ಲ ಮೇಡಂ, ಅಷ್ಟು ನನಗೆ ಗೊತ್ತಿಲ್ಲವೇ ಅಂದ. ಅವನ ಲೆಕ್ಕದಲ್ಲಿ ಅದು ಅಂಗಡಿಯಲ್ಲಿ ಮಾರುವ ಮಾಲಿನ ಹೆಸರು. ಬಣ್ಣ ಒಣಗಿತ್ತು, ಅಕ್ಷರ ಮುದ್ದಾಗಿತ್ತು, ಹೋಗಲಿ ಅಂತ ಬಿಟ್ಟೆ. ಆಮೇಲೆ ಬಂದವರೆಲ್ಲ, ಕನ್ನಡಕದ ಅಂಗಡಿಗೆ ಎಷ್ಟು ಒಳ್ಳೆಯ ಹೆಸರು ಆರಿಸಿದ್ದೀರಿ ಎಂದು ನನ್ನನ್ನು ಹೊಗಳಿದರು. ನನ್ನ ಹೆಸರು ಇಷ್ಟು ವರ್ಷ ಬೀದಿಗೆ ಮುಖ ಮಾಡಿಕೊಂಡು ನಿಂತಿದೆ. ಅದು ಒಬ್ಬ ಹೆಂಗಸಿನ ಹೆಸರು ಅಂತ ಓದಿದವರು ಒಬ್ಬರೂ ಇಲ್ಲ.

ಇರಲಿ. ನೀನು ಕೇಳಿದ್ದು ಈ ಕಾಲದ ಮಾತು. ನನ್ನ ಅಭಿಪ್ರಾಯವೊಂದನ್ನೇ ನಂಬಿದರೆ ತಪ್ಪಾದೀತೆಂದು ಶುಕ್ರವಾರ, ಶನಿವಾರ ಬಂದ ಗಿರಾಕಿಗಳನ್ನೆಲ್ಲ ವಿಚಾರಿಸಿದೆ. ಕಣ್ಣು ಪರೀಕ್ಷೆಯ ಭಾರದ ಫ್ರೇಮನ್ನು ಮೂಗಿಗೇರಿಸಿ ಕುರ್ಚಿಯಲ್ಲಿ ಕೂರಿಸಿದ ಮೇಲೆ ಮನುಷ್ಯ ಎಲ್ಲಿಗೂ ಓಡುವುದಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಪರಿಚಯದವರ ಮಗುವಿಗೆ ಸುಲೋಚನಾ ಅಂತ ಇಡಬೇಕೆಂದಿದ್ದಾರೆ, ಹೇಗಿದೆ ಅಂತ ಕೇಳಿದೆ, ನನ್ನ ಹೆಸರೆಂದು ಬಾಯಿ ಬಿಡಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಬಹಳ ಚೆನ್ನಾಗಿದೆ ಅಂದಳು. ಬ್ಯಾಂಕಿನ ಮ್ಯಾನೇಜರಮ್ಮ, ಗತ್ತಿದೆ, ಸಹಿ ಹಾಕಲು ಹೇಳಿ ಮಾಡಿಸಿದ ಹೆಸರು ಅಂದರು. ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಿದ್ದ ತಾಯಿ, ನನಗೆ ಮೊದಲೇ ಹೊಳೆದಿದ್ದರೆ ಇದನ್ನೇ ಇಡುತ್ತಿದ್ದೆ ಅಂತ ಪೇಚಾಡಿಕೊಂಡಳು. ಪೋಸ್ಟಿನವರಂತೂ ಕುಣಿದಾಡಿಬಿಟ್ಟರು. ನಿನ್ನ ನಾದಿನಿಗೆ ಇದನ್ನೆಲ್ಲ ಓದಿ ಹೇಳು.

ಇನ್ನೂ ಒಂದು ಮಾತು ಅವಳಿಗೆ ಹೇಳು. ದುಂಡನೆಯ ತಂತಿ ಫ್ರೇಮುಗಳನ್ನು ಯಾರೂ ಮೂಸಿ ನೋಡದ ಕಾಲದಲ್ಲಿ ನಾನು ಅವನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿನ ಡ್ರಾಯರಿಗೆ ಹಾಕಿದ್ದೆ. ನಿನ್ನ ಅಪ್ಪ ಗುಜರಿಗೆ ಕೊಡು ಅಂತ ಪ್ರಾಣ ತಿಂದರು. ಈಗ ಹರೆಯದ ಹುಡುಗ ಹುಡುಗಿಯರು ಬಂದು, ಆಂಟಿ, ದುಂಡಗಿನದು ಇದೆಯಾ ಅಂತ ಅದನ್ನೇ ಕೇಳುತ್ತಾರೆ. ಫ್ರೇಮ್ ಅದೇ. ನೋಡುವವರು ಬದಲಾದರು. ಈಗಿನ ಎರಡಕ್ಷರದ ಹೆಸರುಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಕೂಗುವಾಗ ಸೀನಿದ ಹಾಗೆ ಮುಗಿದುಹೋಗುತ್ತವೆ. ಸುಲೋಚನಾ ಅಂತ ಕೂಗಿ ನೋಡು, ಮಗು ಪಕ್ಕದ ಬೀದಿಯಲ್ಲಿದ್ದರೂ ಆ ಕೊನೆಯ ದೀರ್ಘ ಹೋಗಿ ಕಿವಿ ಹಿಡಿದು ತರುತ್ತದೆ.

ಇನ್ನು ನೀನು ಸೂಚಿಸಿದ ರಾಜಿ. ಜನನ ಪತ್ರದಲ್ಲಿ ನಾದಿನಿ ಆರಿಸಿದ ಹೆಸರು, ಅದರ ಹಿಂದೆ ಸುಲೋಚನಾ, ಕರೆಯುವುದು ಮಾತ್ರ ಮೊದಲನೆಯದರಿಂದ. ಅದಕ್ಕೆ ನಾನು ಒಪ್ಪುವುದಿಲ್ಲ. ಕರೆಯದ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು? ಇಟ್ಟರೆ ಬಾಯಿ ತುಂಬ ಕರೆಯುವ ಹಾಗೆ ಇಡು, ಇಲ್ಲವಾದರೆ ಪೂರ್ತಿ ಬಿಡು.

ನಿನ್ನೆ ಸಂಜೆ ನಡೆದದ್ದೊಂದನ್ನು ಹೇಳುತ್ತೇನೆ, ನಗಬೇಡ. ಮುದ್ರಣಾಲಯದಲ್ಲಿ ಅಚ್ಚು ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರಿದ್ದಾರೆ, ಈಗ ವಿಶ್ರಾಂತಿಯಲ್ಲಿದ್ದಾರೆ. ಓದುವ ಕನ್ನಡಕ ಮಾಡಲು ಕೊಟ್ಟಿದ್ದರು. ನಾನು ಒಳಗಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುತ್ತಿದ್ದೆ, ಯಂತ್ರದ ಗರಗರ ಬೇರೆ. ಹೊರಗಿನಿಂದ ಗಂಡಸಿನ ದನಿ ಕೇಳಿತು.

“ಸುಲೋಚನಾ... ಆಯ್ತಾ?”

“ಬಂದೇ ಇರು, ಯಾಕೆ ಹಂಗೆ ಕೂಗ್ತೀಯ!” ಅಂದೆ.

ಹೊರಗೆ ಬಂದು ನೋಡಿದರೆ ಆ ಹಿರಿಯರು ಕೌಂಟರಿನ ಮುಂದೆ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಾರೆ. ಪುಸ್ತಕದ ಭಾಷೆಯ ಮನುಷ್ಯ, ಜೀವಮಾನದಲ್ಲಿ ಕನ್ನಡಕ ಅಂದವರಲ್ಲ. ತಮ್ಮ ಸುಲೋಚನ ಸಿದ್ಧವಾಯಿತೇ ಎಂದಷ್ಟೇ ಕೇಳಿದೆ ಎಂದು ತೊದಲಿದರು. ತಂದೆಯ ವಯಸ್ಸಿನವರನ್ನು ಏಕವಚನದಲ್ಲಿ ಗದರಿದ್ದಕ್ಕೆ ಹತ್ತು ಸಲ ಕ್ಷಮೆ ಕೇಳಿ, ಕನ್ನಡಕವನ್ನು ಕಿವಿಯ ಹಿಂದೆ ಸರಿಯಾಗಿ ಬಾಗಿಸಿ, ಒರೆಸುವ ಬಟ್ಟೆ ಒಂದರ ಬದಲು ಎರಡು ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ‘ಬಂದೇ ಇರು’ ನನ್ನ ಅಂಗಡಿಯ ದನಿಯಲ್ಲ, ಗಿಣಿ. ಅಕ್ಕ ಕರೆದಾಗ ಹಿತ್ತಲಿನಿಂದ ಕೂಗುತ್ತಿದ್ದ ದನಿ. ನೀನು ನನ್ನನ್ನು ಅಮ್ಮ ಅನ್ನುತ್ತೀಯ, ಅಳಿಯಂದಿರು ಅತ್ತೆ ಅನ್ನುತ್ತಾರೆ, ಊರಿಗೆಲ್ಲ ನಾನು ಮೇಡಂ. ನಿನ್ನ ಅಪ್ಪನಿಗೆ ಮದುವೆಯಾದಂದಿನಿಂದ ನಾನು ‘ಇಲ್ನೋಡು’. ಅಪ್ಪ, ಅಮ್ಮ, ಅಕ್ಕ ಮೂವರೂ ಹೋದ ಮೇಲೆ ಆ ಹೆಸರಿಗೆ ನಾನು ಓಗೊಟ್ಟದ್ದು ನಿನ್ನೆಯೇ ಮೊದಲು, ಅದೂ ಒಂದು ಕನ್ನಡಕದ ಬದಲಿಗೆ. ಕಣ್ಣು ತುಂಬಿಬಂತು, ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆದರೆ ಇದು ನನ್ನ ಪಾಡು, ಇದನ್ನು ಕೂಸಿನ ತಲೆಗೆ ಕಟ್ಟಬೇಡ.

ಈಗ ತೀರ್ಪು. ಹೆಸರು ಹಳತೂ ಅಲ್ಲ, ಹೊಸತೂ ಅಲ್ಲ, ಸ್ವಲ್ಪ ಕಾಲ ಯಾರೂ ಬಳಸಿಲ್ಲ, ಅಷ್ಟೇ. ಇಡು. ನನ್ನ ನೆನಪಿಗೆ ಅಂತ ಮಾತ್ರ ಇಡಬೇಡ, ನಾನಿನ್ನೂ ಗಟ್ಟಿಮುಟ್ಟಾಗಿದ್ದೇನೆ, ಸೂಜಿಮೊನೆಯಂಥ ಸ್ಕ್ರೂವನ್ನು ಬರಿಗಣ್ಣಲ್ಲೇ ಕೂರಿಸುತ್ತೇನೆ. ಮಗುವಿಗೆ ಅಂತ ಇಡು. ಅಮ್ಮನ ಹೆಸರು ಹಿಡಿದು ಮಗಳನ್ನು ಬೈಯುವುದು ಹೇಗೆ ಅಂತ ಕೇಳಿದ್ದೀಯ. ಧಾರಾಳವಾಗಿ ಬೈ, ನನ್ನ ಮೇಲಿನ ಹಳೇ ಸಿಟ್ಟೆಲ್ಲ ಆ ನೆಪದಲ್ಲಿ ತೀರಲಿ. ಬರೆಸುವಾಗ ಮಾತ್ರ ಎದುರಿಗೇ ನಿಂತು ದೀರ್ಘ ಹಾಕಿಸು. ಅದೊಂದು ತಪ್ಪಿದರೆ ಸರಕಾರದ ಕಡತದಲ್ಲಿ ನಿನ್ನ ಮಗಳು ಕನ್ನಡಕವಾಗುತ್ತಾಳೆ.

ಹೊತ್ತು ಹೊತ್ತಿಗೆ ಊಟ ಮಾಡು. ಮಗು ಮಲಗಿದಾಗ ಬಟ್ಟೆ ಮಡಿಸುತ್ತಾ ಕೂರಬೇಡ, ನೀನೂ ಮಲಗು. ಬಾಟಲಿ ತೊಳೆದದ್ದಕ್ಕೆ ಅಳಿಯಂದಿರಿಗೆ ನನ್ನ ಮೆಚ್ಚುಗೆ ತಿಳಿಸು, ಇನ್ನಾದರೂ ಈ ಕಡೆ ತಿರುಗಿ ಒಂದು ಮಾತಾಡಲಿ ಅಂದೆ ಅಂತಲೂ ಹೇಳು.

ದೂರದಿಂದಲೇ ಇಬ್ಬರ ಕೆನ್ನೆಗೂ ಮುತ್ತಿಡುತ್ತಾ,
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನಿಷ್ಟು: ಗಿರಾಕಿಗಳ ಬಗ್ಗೆ ಮೇಲೆ ಬರೆದದ್ದನ್ನು ನಾದಿನಿಗೆ ಓದಿ ಹೇಳಬೇಡ, ಅಷ್ಟೂ ಸುಳ್ಳು. ಕಾಲೇಜಿನ ಹುಡುಗಿ, ಅದು ಔಷಧಿಯ ಹೆಸರಾ ಅಂತ ಕೇಳಿದಳು. ಮ್ಯಾನೇಜರಮ್ಮ ಪಿಂಚಣಿ ತೆಗೆದುಕೊಳ್ಳುವವರ ಹೆಸರು ಅಂದರು. ಮಗು ಎತ್ತಿಕೊಂಡು ಬಂದ ತಾಯಿ ಪರವಾಗಿಲ್ಲ ಅಂದಳು, ಒಪ್ಪದ ಫ್ರೇಮನ್ನು ವಾಪಸ್ ಇಡುವಾಗ ಎಲ್ಲರೂ ಅನ್ನುತ್ತಾರಲ್ಲ, ಆ ದನಿಯಲ್ಲಿ. ಪೋಸ್ಟಿನವರನ್ನು ಕೇಳಲೇ ಇಲ್ಲ. ನಿನ್ನ ಅಪ್ಪನೂ ಚಿಕ್ಕದಾಗಿ ಬೇರೇನಾದರೂ ನೋಡಿ ಅಂದರು. ಇಡೀ ಬೀದಿಯಲ್ಲಿ ಸುಲೋಚನಾ ಬೇಕು ಅನ್ನುವವಳು ನಾನೊಬ್ಬಳೇ. ನನಗೆ ಆಸೆ ಇಲ್ಲ ಅಂದದ್ದೂ ಸುಳ್ಳು. ಆಸೆ ಇದೆ ಗಿಣಿ, ಬಹಳ ಇದೆ. ನಿಮ್ಮ ಮನೆಗೆ ಬಂದಾಗ ನೀನು ಒಳಗಿನಿಂದ ಆ ಹೆಸರು ಕೂಗಬೇಕು. ನಾನು ತಿರುಗಿ ನೋಡಬೇಕು. ಆಮೇಲೆ, ನೀನು ಕರೆದದ್ದು ನನ್ನನ್ನಲ್ಲ ಅಂತ ನನಗೆ ಗೊತ್ತಾಗಬೇಕು.