ಬೇಳೆ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ

ನಮ್ಮ ಮನೆಯವರಿಗೆ,

ನೀವು ಬದುಕಿದ್ದಾಗ ಒಮ್ಮೆಯೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಈಗ ಆ ಸಲಿಗೆ ಬೇಡ. ಆದರೆ ಜಗಳ ಮಾಡುವ ಸಲಿಗೆ ಬಿಟ್ಟಿಲ್ಲ, ಕೇಳಿ.

ಲಿವರ್ ಕ್ಯಾನ್ಸರ್ ಎಂದು ಗೊತ್ತಾಗಿ ಪುಣೆಯ ಕಾತ್ರಜದ ನಮ್ಮ ಮನೆಗೆ ಮರಳಿದ ಆ ಸಂಜೆ ನೆನಪಿದೆಯಾ? ನಿಮ್ಮ ಕಣ್ಣು ಹಳದಿಯಾಗಿದೆ ಎಂದು ಕೇಳಿದ್ದೇ ನಿಮ್ಮ ಅಕ್ಕ ವಿಜಯಪುರದಿಂದ ಓಡಿ ಬಂದರು, ಬಂದವರೇ ಅಡುಗೆಮನೆ ಹಿಡಿದರು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಅನ್ನುತ್ತಾರೆ, ಕಾಮಣಿ ಎಂದರೆ ಪಥ್ಯ. ಎಣ್ಣೆ ಇಲ್ಲ, ಬೇಳೆ ಇಲ್ಲ, ತೆಳ್ಳನೆಯ ಗಂಜಿ ಕುಡಿದು ಹಾಸಿಗೆಯಲ್ಲಿ ಬಿದ್ದಿರಬೇಕು. ಕ್ಯಾನ್ಸರಿಗೂ ಅದನ್ನೇ ಮಾಡಿದರು. ಸಿಮೆಂಟಿನ ಚೀಲವನ್ನು ಒಬ್ಬರೇ ಎತ್ತುತ್ತಿದ್ದ ಅಂಗಡಿಕಾರ ನೀವು, ಅಕ್ಕನ ಮುಂದೆ ಮಾತ್ರ ಮಗುವಿನ ಹಾಗೆ ಬಾಯಿ ತೆರೆದಿರಿ.

ಆಸ್ಪತ್ರೆಯ ಆಹಾರ ತಜ್ಞೆ ನಿಮ್ಮ ತೊಡೆ ಒತ್ತಿ ನೋಡಿದ್ದನ್ನು ಮರೆಯಲಾರೆ. ತೂಕ ಇಳಿದಿಲ್ಲವೆಂದು ನಾವೆಲ್ಲ ಸಮಾಧಾನದಲ್ಲಿದ್ದೆವು. ಆಕೆ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ತಕ್ಕಡಿಗೆ ಕಾಣುತ್ತಿರುವುದು ಹೊಟ್ಟೆಯಲ್ಲಿ ತುಂಬಿದ ನೀರು, ಒಳಗೆ ಕೈಕಾಲಿನ ಮಾಂಸ ಕರಗುತ್ತಿದೆ. ಸರಿಯಾಗಿ ಉಣ್ಣದಿದ್ದರೆ ಈ ರೋಗದಲ್ಲಿ ದೇಹ ತನ್ನ ಮಾಂಸವನ್ನೇ ತಿನ್ನುತ್ತದೆ. ಅದು ಹೋದಷ್ಟೂ ಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿ ಹೋಗುತ್ತದೆ, ಆಯುಷ್ಯವೂ ಕುಗ್ಗಬಹುದು. ಬೇಳೆ, ಮೊಸರು, ಪನೀರು ಆಗಾಗ ಕೊಡಿ, ನಡೆಸಿ ಎಂದಳು. ಅಂದೇ ನಾನು ಗಂಜಿಯ ಪಾತ್ರೆ ತೊಳೆದು ಮಗುಚಿಟ್ಟೆ.

ನಿಮ್ಮ ತಟ್ಟೆಗೆ ಗಟ್ಟಿ ಬೇಳೆ ಬಡಿಸಲು ಹೋದಾಗ ಅಕ್ಕ ನನ್ನ ಕೈ ಹಿಡಿದರು.

“ಕಾಮಣಿ ಆದವಗ ಬ್ಯಾಳಿ ಹಾಕ್ತಿಯೇನ? ನನ್ನ ತಮ್ಮನ್ನ ಕೊಲ್ಲಾಕತ್ತಿ ನೀ.”

ನೀವು ನಕ್ಕಿರಿ. “ಅಕ್ಕಾ, ತಕ್ಕಡಿಗೆ ಹೊಟ್ಟ್ಯಾನ ನೀರು ಗೊತ್ತಾಗ್ತದ, ತೊಡಿ ಗೊತ್ತಾಗಂಗಿಲ್ಲ. ಹಾಕ್ಲಿ ಬಿಡು.”

ಆ ಒಂದು ಮಾತಿಗೆ ನಿಮ್ಮ ಹಳೆಯ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ. ಅಕ್ಕ ಮುಖ ಊದಿಸಿಕೊಂಡು ಮರುದಿನದ ಬಸ್ಸು ಹತ್ತಿದರು.

ಗಲ್ಲಿಯಲ್ಲಿ ನಿಮ್ಮನ್ನು ನಡೆಸುವಾಗ ಎಷ್ಟು ಬೈದಿರಿ ನನ್ನನ್ನು! ಪೊಲೀಸರಾದರೂ ವಾಸಿ ಅಂದಿರಿ. ಬೈದುಕೊಂಡೇ ನಡೆದಿರಿ, ಬೈದುಕೊಂಡೇ ಉಂಡಿರಿ. ನಿಮಗೆ ತ್ರಾಣವಿಲ್ಲವೆಂದು ನಿಲ್ಲಿಸಿದ್ದ ಔಷಧವನ್ನು ಡಾಕ್ಟರು ಮತ್ತೆ ಶುರು ಮಾಡಿದರು. ದೀಪಾವಳಿಗೆ ಅಂಗಡಿಯ ಶಟರ್ ನೀವೇ ಎತ್ತಿದಿರಿ. ಆಮೇಲೆ ಗಡ್ಡೆ ಯಾರ ಮಾತೂ ಕೇಳಲಿಲ್ಲ, ಕೊನೆಗೆ ನೀವು...

ನಿಮ್ಮ ದಿನಕರ್ಮದ ಊಟದ ಪಂಕ್ತಿಯಲ್ಲೇ ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದರು, ಪಥ್ಯ ಮುರಿದು ಗಂಡನನ್ನು ಕಳೆದುಕೊಂಡಳು ಎಂದು. ಪಂಕ್ತಿಯೆಲ್ಲ ಹೌದೆಂದು ತಲೆಯಾಡಿಸಿತು. ನಾನು ನಿಮ್ಮನ್ನು ಉಳಿಸಿಕೊಳ್ಳಲಾಗಲಿಲ್ಲ, ಹೌದು. ಆ ಸಂಕಟ ನನ್ನ ಜೊತೆಗೇ ಇರುತ್ತದೆ. ಆದರೆ ಆ ಶಟರ್ ಎತ್ತಿದ ತೋಳಿಗೆ ಬಲ ಎಲ್ಲಿಂದ ಬಂತು, ಗಂಜಿಯಿಂದಲೇ? ಇನ್ನೊಮ್ಮೆ ಅದೇ ಹೊತ್ತು ಬಂದರೂ ನಾನು ಬೇಳೆಯನ್ನೇ ಬಡಿಸುತ್ತೇನೆ, ಯಾರು ಏನೇ ಅನ್ನಲಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ಅಕ್ಕನ ಯಜಮಾನರಿಗೂ ಅದೇ ರೋಗ. ಚಿಕಿತ್ಸೆಗೆಂದು ಪುಣೆಗೆ ಬಂದು ನಮ್ಮಲ್ಲೇ ಇದ್ದಾರೆ. ಬಂದ ದಿನ ಅಕ್ಕ ಚೀಲ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. ನಾನು ಆ ಚೀಲ ಇಸಿದುಕೊಂಡು ಒಳಗೆ ಹೋಗಿ ಬೇಳೆಗೆ ಕುಕ್ಕರ್ ಇಟ್ಟೆ. ನಿನ್ನೆ ಊರಿನ ನೆಂಟರು ಗಂಜಿಗೆಂದು ನುಚ್ಚು ತಂದರು. ಕಾಮಣಿ ಆದವರಿಗೆ ಬೇಳೆ ವಿಷ, ಸುಮ್ಮನೆ ಮಲಗಿಸಿ ಎಂದು ಬುದ್ಧಿ ಹೇಳತೊಡಗಿದರು. ನಾನು ಸೆರಗು ಸಿಕ್ಕಿಸಿ ಏಳುವಷ್ಟರಲ್ಲಿ ನಿಮ್ಮ ಅಕ್ಕ ಆ ನುಚ್ಚಿನ ಚೀಲವನ್ನು ಎತ್ತಿ ಅವರ ಕೈಗೇ ಕೊಟ್ಟರು.

“ವಾಪಸ್ ಒಯ್ರಿ ಇದನ್ನ. ನನ್ನ ತಮ್ಮ ಉಪಾಸ ಸತ್ತಿಲ್ಲ, ಇವರ್ನೂ ನಾ ಉಪಾಸ ಕೆಡವಂಗಿಲ್ಲ.”